ತನ್ನ ಚರಿತ್ರೆಗೆ ತಾನೇ ಸಾಕ್ಷಿ

ಸಂಗೀತಗಾರನ ಜೀವನವನ್ನು ಕುರಿತ ಸಾಕ್ಷ್ಯಚಿತ್ರಕ್ಕೆ ಆ ಸಂಗೀತಗಾರನೇ ಕರ್ತೃವಾದರೆ ಅದಕ್ಕೆ ಸಾಕ್ಷ್ಯವೆಂಬ ಹೆಸರು ಎಷ್ಟರ ಮಟ್ಟಿಗೆ ಸಲ್ಲುವದು? ಅಮೇರಿಕೆಯ ಗಾಯಿಕೆ ಬಿಯಾನ್ಸೆಯವರು 2013ರಲ್ಲಿ ತಮ್ಮನ್ನು ಕುರಿತ ಚಿತ್ರಕ್ಕೆ ತಾವೇ ನಿರ್ದೇಶಕರಲ್ಲೊಬ್ಬರೂ ನಿರೂಪಕರೂ ಆದರು. ಯಾವ ಕಣ್ಣೀರು ತೆರೆಯ ಮೇಲೆ ಬರಬೇಕು, ಯಾವದು ಬಾರದು ಎಂಬುದನ್ನು ಅಳುವವರೇ ಗೊತ್ತುಮಾಡಿದ ಮೇಲೆ ಪ್ರೇಕ್ಷಕನಿಗೆ ಕಾಣುವದು ಒಡ್ಡೋಲಗವೇ ಹೊರತು ಮನೆಯಲ್ಲ.

ನಮ್ಮ ಕಡೆಯ ಗಾಯಕರು ಅಷ್ಟು ದೂರ ಹೋದವರಲ್ಲ. ಚಿತ್ರ ತೆಗೆದವರು ಬೇರೆಯವರು. ಆದರೆ ಕಥೆಯ ಸೂತ್ರ ಗಾಯಕರದೇ. ಮಲ್ಲಿಕಾರ್ಜುನ ಮನಸೂರರು 1992ರಲ್ಲಿ ತೀರಿಕೊಂಡ ಬಳಿಕ ನಂದನ ಕುಡ್ಯಾಡಿಯವರು ಹೊರತಂದ ‘ರಸಯಾತ್ರಾ’ ಎಂಬ ಚಿತ್ರವು ಅವರ ಆತ್ಮಕಥೆಯ ಹಾದಿಯನ್ನೇ ಹಿಡಿಯಿತು. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರನ್ನು ಕುರಿತು ಫಿಲ್ಮ್ಸ್ ಡಿವಿಜನ್ನಿಗಾಗಿ ಗುಲ್ಜಾರರು ಮಾಡಿದ ಚಿತ್ರದಲ್ಲಿಯೂ ಪಂಡಿತರೇ ತಮ್ಮ ಬಾಳನ್ನು ಹೇಳಿಕೊಳ್ಳುವರು. ಈ ರೀತಿಯಲ್ಲಿ ಗುಣವಿಲ್ಲವೆಂದಲ್ಲ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಗೆ ನೀರು ಹೊತ್ತ ಕಥೆಯನ್ನು ಹೊತ್ತವನ ಬಾಯಿಂದಲೇ ಕೇಳಿದರೆ ಬೇರೆ ವ್ಯಾಖ್ಯಾನ ಬೇಕಾಗದು.

ಕೊರತೆಯಿರುವದು ಬೇರೆಡೆಯಲ್ಲಿ. ಬಾಲಕ ಭೀಮಸೇನನು ಭಜನೆಯ ಮೇಳದ ಬೆನ್ನುಹತ್ತಿ ಹೋಗಿ ಎಲ್ಲಿಯೋ ಮಲಗಿಬಿಡುತ್ತಿದ್ದನೆಂದೂ, ಬೇಸತ್ತ ತಂದೆ ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರೆಂದೂ ಪ್ರಸಿದ್ಧವಾದ ಕಥೆಯುಂಟು. ಕೇಳಿದವರು ನಗುವರು. ಆದರೆ ಆ ಬರಹವನ್ನೋದಿ ಹುಡುಗನನ್ನು ಮನೆ ಮುಟ್ಟಿಸಿದವರು ಯಾರು? ಮೇಳದಲ್ಲಿ ಹಾಡುತ್ತಿದ್ದವರು ಯಾರು? ಪಂಚಾಕ್ಷರಿ ಗವಾಯಿಗಳು ಅಂಧ ಬಾಲಕರನ್ನು ಕೂಡಿಸಿಕೊಂಡು ಸ್ವರ ಕಲಿಸುತ್ತಿದ್ದ ಕಾಲವದು. ನಾಟಕ ಕಂಪನಿಗಳು ಊರೂರು ತಿರುಗುತ್ತಿದ್ದ ಕಾಲವೂ ಹೌದು. ಒಂದು ಸೀಮೆಯ ಕಿವಿಯನ್ನೇ ತಿದ್ದಿದ ಈ ಸಂಗತಿಗಳೆಲ್ಲ ಗಾಯಕನ ನಿರೂಪಣೆಯಲ್ಲಿ 1933ರ ಸುಮಾರಿಗೆ ಮನೆ ಬಿಟ್ಟೋಡಿದುದಕ್ಕೆ ಬರಿಯ ಪೀಠಿಕೆಯಾಗಿಬಿಡುವವು. ಓಡಿದವನಿಗೆ ಊರು ದಾಟಿದ ಮೇಲೆಯೇ ಕಥೆಗೆ ಮೊದಲು, ಅದು ಸಹಜ. ರೋಣ, ನರಗುಂದ, ಗಜೇಂದ್ರಗಡಗಳ ಹಳೆಯ ಭಜನೆಯವರನ್ನು ಹುಡುಕಿ ವಿಚಾರಿಸಬೇಕಾದವನು ಚಿತ್ರಕಾರನು. ಆ ಕಾಲವನ್ನು ಕಣ್ಣಾರೆ ಕಂಡವರು ಈಗ ಸಿಗುವದು ದುರ್ಲಭ.

ಮನೆಯೊಳಗಿನ ಮಾತು ಇನ್ನೂ ಕಠಿಣವಾದುದು. ಜೋಶಿಯವರು 2011ರಲ್ಲಿ ತೀರಿಕೊಂಡರು. ಅವರ ಮೊದಲ ಸಂಸಾರದ ಬವಣೆಯನ್ನು ವಿಸ್ತಾರವಾಗಿ ಬರೆದವರು ಮಗ ರಾಘವೇಂದ್ರ ಜೋಶಿಯವರು. ಮರಾಠಿಯ ಆ ಪುಸ್ತಕವು 2016ರಲ್ಲಿ ಇಂಗ್ಲಿಷಿಗೂ ಬಂದಿತು. ತಂದೆಯ ಗಾಯನವನ್ನು ಆರಾಧಿಸುತ್ತಲೇ ತಾಯಿಯ ದುಃಖವನ್ನು ಮರೆಮಾಚದ ಆ ಕೃತಿಯಿಂದ ಗಾಯಕನ ಯೋಗ್ಯತೆ ಎಳ್ಳಷ್ಟೂ ಕುಂದಲಿಲ್ಲ. ಇಂಥ ಎರಡನೆಯ ಸಾಕ್ಷಿಗೆ ಹೆದರಬೇಕಾದ ಕಾರಣವೇ ಇಲ್ಲ.

ಈಗ ಗವಾಯಿಗಳ ಶಿಷ್ಯರು ಮೊಬೈಲಿನಲ್ಲಿಯೇ ಗುರುವಿನ ಚಿತ್ರ ತೆಗೆಯುವರು. ಗುರು ಹೇಳಿದ್ದಷ್ಟೇ ಅದರಲ್ಲಿ ದಾಖಲಾಗುವದು. ಹತ್ತಾರು ವರ್ಷ ತಂಬೂರಿ ಹಿಡಿದು ಹಿಂದೆ ಕುಳಿತವರೂ ತಬಲಾದವರೂ ಚಿತ್ರದಲ್ಲಿ ಕಾಣಿಸುವರು, ಮಾತನಾಡುವದಿಲ್ಲ. ಯಾವ ಕಚೇರಿಯಲ್ಲಿ ಸ್ವರ ಕೂಡಿಬರಲಿಲ್ಲವೆಂಬುದನ್ನು ಅವರನ್ನು ಕೇಳಬಹುದು.