ಡೈಮ್ ನಾಣ್ಯದ ಪದ

ಒಂದೆರಡು ತಿಂಗಳು ರಂಗದ ಮೇಲೆ ಮೆರೆದು ಮರೆಯಾದ ವಿನೋದಪ್ರದರ್ಶನವೊಂದರ ಪದವನ್ನು ಸಾಹಿತ್ಯಪತ್ರಿಕೆಯಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವುದು ಯುಕ್ತವೇ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಈ ಲೇಖಕನೂ ಬಹುಕಾಲ ಆ ಪಕ್ಷದವನೇ ಆಗಿದ್ದನು. ಪಾಠಶಾಲೆಯಲ್ಲಿ ಕಾವ್ಯಪ್ರಕಾಶವನ್ನು ಓದಿ, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟವನಿಗೆ, ಬೀದಿಯಲ್ಲಿ ಜನ ಗುನುಗುವ ಪದವು ಕಿವಿಗೆ ಬಿದ್ದು ಹೋಗುವ ವಸ್ತುವೇ ಹೊರತು ವಿಚಾರಕ್ಕೆ ತಕ್ಕ ವಿಷಯವಲ್ಲವೆಂಬ ಭಾವನೆ ಬೇರೂರಿತ್ತು. ಅದನ್ನು ಅಲುಗಿಸಿದ್ದು 1932ನೆಯ ಇಸವಿಯ ಒಂದು ಅಮೆರಿಕನ್ ಪದ. ಮೊಮ್ಮಗನು ತನ್ನ ಫೋನಿನಲ್ಲಿ ಅದನ್ನು ಕೇಳಿಸಿ, ಅರ್ಥವನ್ನೂ ಬಿಡಿಸಿ ಹೇಳಿ, "ತಾತ, ಇದು ಭಿಕ್ಷುಕನ ಹಾಡು" ಎಂದನು. ಎರಡನೆಯ ಸಲ ಕೇಳಿದ ಮೇಲೆ ಅವನ ಮಾತು ಅರ್ಧಸತ್ಯವೆಂದು ತೋರಿತು. ಉಳಿದರ್ಧವನ್ನು ಹೇಳುವುದು ಈ ಲೇಖನದ ಉದ್ದೇಶ.

ಪದದ ಹೆಸರು 'ಬ್ರದರ್, ಕ್ಯಾನ್ ಯೂ ಸ್ಪೇರ್ ಎ ಡೈಮ್?' ಎಂದು. ಡೈಮ್ ಎಂಬುದು ಡಾಲರಿನ ಹತ್ತನೆಯ ಒಂದು ಪಾಲು ಬೆಲೆಯ ಚಿಕ್ಕ ನಾಣ್ಯ. ಎದುರಿಗೆ ಬಂದವನನ್ನು ಅಣ್ಣನೆಂದು ಕರೆದು, ಅಂಥದೊಂದು ನಾಣ್ಯ ಕೊಡಲಾದೀತೇ ಎಂದು ಕೇಳುವುದು ಹೆಸರಿನ ತಾತ್ಪರ್ಯ. ಸಾಹಿತ್ಯವು ಇ. ವೈ. ಹಾರ್ಬರ್ಗ್ ಎಂಬವನದು, ಸಂಗೀತವು ಜೇ ಗೋರ್ನಿಯದು. ಇದು ಮೊದಲು ಕೇಳಿಬಂದುದು ಜೆ. ಪಿ. ಮೆಕೆವಾಯ್ ರಚಿಸಿದ 'ಅಮೆರಿಕಾನಾ' ಎಂಬ ರೆವ್ಯೂವಿನಲ್ಲಿ. ರೆವ್ಯೂ ನಾಟಕವಲ್ಲ, ಅದಕ್ಕೆ ಆದಿಮಧ್ಯಾಂತಗಳುಳ್ಳ ಕಥೆಯಿಲ್ಲ. ಹಾಡು, ಕುಣಿತ, ನಗೆಮಾತು, ಅಂದಂದಿನ ರಾಜಕೀಯದ ಅಣಕ ಇವುಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ಸಂಜೆಯನ್ನು ತುಂಬುವ ಪ್ರದರ್ಶನವದು. ಇಂದಿನ ಸುದ್ದಿಯನ್ನು ನಂಬಿ ಬದುಕುವ ಕಲೆಯಾದ್ದರಿಂದ ನಾಳೆ ಅದು ಹಳೆಯದಾಗುವುದು ಸಹಜ. 'ಅಮೆರಿಕಾನಾ' 1932ನೆಯ ಅಕ್ಟೋಬರ್ 5ರಂದು ನ್ಯೂಯಾರ್ಕಿನ ಶೂಬರ್ಟ್ ರಂಗಮಂದಿರದಲ್ಲಿ ಆರಂಭವಾಗಿ 77 ಪ್ರಯೋಗಗಳಿಗೆ ಮುಗಿಯಿತು. ಅದರ ನಗೆಮಾತುಗಳನ್ನು ಈಗ ಯಾರೂ ನೆನೆಯುವುದಿಲ್ಲ. ಈ ಒಂದು ಪದ ಮಾತ್ರ ಉಳಿದಿದೆ.

ಉಳಿಯಲು ಕಾರಣವೇನೆಂದು ತಿಳಿಯಬೇಕಾದರೆ ಆ ವರ್ಷದ ಸ್ಥಿತಿಯನ್ನು ಕಾಣಬೇಕು. 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದು ಮೂರು ವರ್ಷಗಳಾಗಿದ್ದವು. ಸುಮಾರು 1 ಕೋಟಿ 20 ಲಕ್ಷ ಮಂದಿಗೆ, ಎಂದರೆ ದುಡಿಯುವವರಲ್ಲಿ ಹೆಚ್ಚುಕಡಿಮೆ ನಾಲ್ವರಿಗೊಬ್ಬರಂತೆ, ಕೆಲಸವಿರಲಿಲ್ಲ. ಪಟ್ಟಣಗಳಲ್ಲಿ ಧರ್ಮದ ರೊಟ್ಟಿಗಾಗಿ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಅದೇ ವರ್ಷ ಏಪ್ರಿಲ್ 7ರಂದು ರೂಸ್‌ವೆಲ್ಟನು ರೇಡಿಯೋ ಭಾಷಣದಲ್ಲಿ 'ಮರೆತುಹೋದ ಮನುಷ್ಯ'ನನ್ನು ಕುರಿತು ಮಾತನಾಡಿದ್ದನು. ಬೇಸಗೆಯಲ್ಲಿ ಮೊದಲನೆಯ ಮಹಾಯುದ್ಧದ ಮಾಜಿ ಸೈನಿಕರು ಸುಮಾರು 17,000 ಮಂದಿ ರಾಜಧಾನಿಯಾದ ವಾಷಿಂಗ್ಟನ್ನಿಗೆ ಬಂದು ಬಿಡಾರ ಹೂಡಿದರು. ಅವರ ಸೇವೆಗಾಗಿ 1924ರ ಶಾಸನವು ವಾಗ್ದಾನ ಮಾಡಿದ್ದ ಹಣ 1945ರಲ್ಲಿ ಸಲ್ಲತಕ್ಕದ್ದಾಗಿತ್ತು; ಹೊಟ್ಟೆಗಿಲ್ಲದ ಈ ಕಾಲದಲ್ಲೇ ಅದನ್ನು ಕೊಡಿರೆಂಬುದು ಅವರ ಬೇಡಿಕೆ. ಜುಲೈ 28ರಂದು ಅವರದೇ ದೇಶದ ಸೈನ್ಯವು, ಜನರಲ್ ಮೆಕಾರ್ಥರನ ನೇತೃತ್ವದಲ್ಲಿ, ಅವರನ್ನು ಬಿಡಾರಗಳಿಂದ ಅಟ್ಟಿತು. ರೆವ್ಯೂವಿನ ತೆರೆ ಎದ್ದುದು ಇದಾದ ಹತ್ತು ವಾರಗಳಿಗೆ.

ಪದವನ್ನು ಕಟ್ಟಿದವರೂ ಸುಖದಲ್ಲಿ ಬೆಳೆದವರಲ್ಲ. ಹಾರ್ಬರ್ಗನು 1896ರಲ್ಲಿ ನ್ಯೂಯಾರ್ಕಿನ ಬಡ ಯೆಹೂದ್ಯರ ಕೇರಿಯಲ್ಲಿ, ರಷ್ಯದಿಂದ ವಲಸೆ ಬಂದ ತಂದೆತಾಯಿಗಳಿಗೆ ಹುಟ್ಟಿದವನು. ಪದ್ಯದ ಹುಚ್ಚು ಚಿಕ್ಕಂದಿನಿಂದಲೂ ಇದ್ದರೂ ಹೊಟ್ಟೆಪಾಡಿಗೆಂದು ವಿದ್ಯುತ್ತಿನ ಸಾಮಾನುಗಳ ವ್ಯಾಪಾರಕ್ಕೆ ಇಳಿದನು. 1929ರಲ್ಲಿ ವ್ಯಾಪಾರ ಮುಳುಗಿ ಸಾಲ ಉಳಿಯಿತು. ಲಕ್ಷ್ಮಿ ಕೈಬಿಟ್ಟ ಮೇಲೆ ಸರಸ್ವತಿಯೇ ಗತಿಯೆಂದು ನಿಂತವನನ್ನು ಶಾಲೆಯ ಸಹಪಾಠಿಯಾದ ಐರಾ ಗರ್ಷ್ವಿನ್ ಎಂಬ ಗೀತಕಾರನು ಗೋರ್ನಿಗೆ ಪರಿಚಯಿಸಿದನು. ಗೋರ್ನಿ ಹುಟ್ಟಿದ್ದು ಆಗ ರಷ್ಯದ ಚಕ್ರಾಧಿಪತ್ಯಕ್ಕೆ ಸೇರಿದ್ದು ಈಗ ಪೋಲೆಂಡಿನಲ್ಲಿರುವ ಬಿಯಾಲಿಸ್ಟಾಕ್ ಪಟ್ಟಣದಲ್ಲಿ. 1906ರಲ್ಲಿ ಅಲ್ಲಿ ಯೆಹೂದ್ಯರ ಕಗ್ಗೊಲೆ ನಡೆದ ಬಳಿಕ ಅವನ ಕುಟುಂಬ ಓಡಿಬಂದು ಡೆಟ್ರಾಯಿಟ್ ನಗರದಲ್ಲಿ ನೆಲೆಸಿತು.

ಪದದ ಮಟ್ಟು ಬಂದುದು ಆ ಬಿಟ್ಟುಬಂದ ನೆಲದಿಂದ. ಬಾಲ್ಯದಲ್ಲಿ ಕೇಳಿದ ಜೋಗುಳವೊಂದು ಅದಕ್ಕೆ ಮೂಲವೆಂದು ಗೋರ್ನಿಯೇ ಹೇಳಿದ್ದಾನೆ. ನಡುವೆ ಅದೇ ಮಟ್ಟಿಗೆ, ನಲ್ಲನನ್ನು ಕಳೆದುಕೊಂಡ ಹೆಣ್ಣಿನ ಅಳಲಿನ ಮಾತುಗಳನ್ನು ಹೊಂದಿಸಿದ್ದುಂಟು. ಹಾರ್ಬರ್ಗನು ಮಟ್ಟನ್ನು ಮೆಚ್ಚಿ ಮಾತುಗಳನ್ನು ಬಿಟ್ಟನು. ಹೀಗೆ ಒಂದೇ ಸ್ವರಸಂದರ್ಭವು ಮೊದಲು ತಾಯಿಯ ವಾತ್ಸಲ್ಯಕ್ಕೂ, ಬಳಿಕ ವಿಪ್ರಲಂಭಕ್ಕೂ, ಕಡೆಗೆ ಬೀದಿಯಲ್ಲಿ ನಿಂತ ಕೆಲಸಗಾರನ ಕೊರಗಿಗೂ ಆಶ್ರಯವಾಯಿತು. ರಾಗವು ಭಾವವನ್ನು ಹೊತ್ತರೂ ಅರ್ಥವನ್ನು ನಿಶ್ಚಯಿಸುವುದು ಮಾತೇ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಇನ್ನು ಆ ಮಾತಿನ ಬಳಿಗೆ ಹೋಗೋಣ. ಪೀಠಿಕೆಯಲ್ಲಿ ಆ ಮನುಷ್ಯನು ಹೇಳುವುದಿಷ್ಟು: ನೀನು ಒಂದು ಕನಸನ್ನು ಕಟ್ಟುತ್ತಿರುವೆಯೆಂದು ಅವರು ನನಗೆ ಹೇಳುತ್ತಿದ್ದರು, ನೆಲ ಉಳುವಾಗಲೂ ಆಯುಧ ಹಿಡಿಯುವಾಗಲೂ ನಾನು ಹಿಂದೆಗೆಯಲಿಲ್ಲ, ಹಾಗಿದ್ದ ಮೇಲೆ ಈ ರೊಟ್ಟಿಯ ಸಾಲಿನಲ್ಲಿ ನಾನೇಕೆ ನಿಂತಿದ್ದೇನೆ? ಮುಂದೆ ಮೊದಲನೆಯ ಭಾಗದಲ್ಲಿ ತಾನು ಹಾಕಿದ ರೈಲುಹಾದಿಯನ್ನೂ, ಎರಡನೆಯದರಲ್ಲಿ ತಾನು ಕಟ್ಟಿದ ಮುಗಿಲಟ್ಟದ ಗೋಪುರವನ್ನೂ ನೆನೆಯುತ್ತಾನೆ. ನ್ಯೂಯಾರ್ಕಿನ ಕೇಳುಗರಿಗೆ ಇದು ಅಲಂಕಾರದ ಮಾತಾಗಿರಲಿಲ್ಲ. ಎಂಪೈರ್ ಸ್ಟೇಟ್ ಸೌಧವು 1931ರ ಮೇ 1ರಂದು ತೆರೆದು, ಬಾಡಿಗೆಗೆ ಬರುವವರಿಲ್ಲದೆ ಬಹುಪಾಲು ಬರಿದಾಗಿ ಅವರ ಕಣ್ಣೆದುರಿಗೇ ನಿಂತಿತ್ತು. ಮೂರನೆಯ ಭಾಗದಲ್ಲಿ ಯುದ್ಧ: ಹೊಸ ಸಮವಸ್ತ್ರ, ಲಕ್ಷಾಂತರ ಬೂಟುಗಳ ಸದ್ದು, ಅವುಗಳ ನಡುವೆ ತಮಟೆ ಬಾರಿಸುವ ಹುಡುಗನಾಗಿ ತಾನು. ಇಲ್ಲಿ ಸಂಗೀತವೂ ಜೋಗುಳದ ತೂಗನ್ನು ಬಿಟ್ಟು ದಂಡಿನ ನಡಿಗೆಯನ್ನು ಹಿಡಿಯುತ್ತದೆ. ಕಡೆಯ ಭಾಗದಲ್ಲಿ ಎದುರಿನವನನ್ನು ನಿಲ್ಲಿಸಿ, ತನ್ನ ಹೆಸರನ್ನು ಹೇಳಿ, ನೆನಪಿಲ್ಲವೇ ಎಂದು ಕೇಳುತ್ತಾನೆ.

ಈ ಸ್ಥಳದಲ್ಲಿ ಕವಿ ಮಾಡಿರುವ ಒಂದು ಚಿಕ್ಕ ವ್ಯತ್ಯಾಸವನ್ನು ವ್ಯಾಕರಣ ಓದಿದವರು ಗಮನಿಸಬೇಕು. ಅಲ್ಲಿಯವರೆಗೆ ಸಂಬೋಧನೆ 'ಬ್ರದರ್' ಎಂದು. ದಾರಿಯಲ್ಲಿ ಸಿಕ್ಕ ಅಪರಿಚಿತನನ್ನು ನಾವು 'ಅಣ್ಣ' ಎನ್ನುವುದಿಲ್ಲವೇ, ಹಾಗೆ. ಕಡೆಯಲ್ಲಿ ಅದು 'ಬಡ್ಡಿ' ಎಂದಾಗುತ್ತದೆ. ಇದು ಸಾಲದ ಮೇಲಿನ ಬಡ್ಡಿಯಲ್ಲ. ಒಡನಾಡಿಯನ್ನು, ಅದರಲ್ಲೂ ಒಂದೇ ಕಂದಕದಲ್ಲಿ ಕುಳಿತ ಜೊತೆಗಾರ ಸಿಪಾಯಿಯನ್ನು ಕರೆಯುವ ಸಲುಗೆಯ ಮಾತು. ಬೇಡುವವನು ಬೇಡುತ್ತ ಬೇಡುತ್ತ ಸಮಾನನಾಗಿಬಿಟ್ಟನು. ಕೇಳಿದ ನಾಣ್ಯ ಅದೇ, ವಾಕ್ಯವೂ ಅದೇ. ಸಂಬೋಧನೆಯೊಂದು ಬದಲಾದುದರಿಂದ ಅರ್ಥವೆಲ್ಲ ಬದಲಾಯಿತು. ವಾಚ್ಯದಲ್ಲಿ ಅದು ಭಿಕ್ಷೆ, ವ್ಯಂಗ್ಯದಲ್ಲಿ ಋಣ. ಆ ರೈಲಿನಲ್ಲಿ ಕುಳಿತು ಬಂದವನು, ಆ ಗೋಪುರದ ನೆರಳಿನಲ್ಲಿ ನಡೆಯುವವನು, ಆ ಯುದ್ಧದಿಂದ ಉಳಿದ ದೇಶದ ಪ್ರಜೆ, ಇವನೇ ಸಾಲಗಾರನು. ಆ ಬೇಸಗೆಯಲ್ಲಿ ಮಾಜಿ ಸೈನಿಕರು ರಾಜಧಾನಿಗೆ ಹೋಗಿ ಕೇಳಿದ್ದೂ ದಾನವನ್ನಲ್ಲ, ಬರಬೇಕಾದ ಬಾಕಿಯನ್ನು.

ಹಾಗಾದರೆ ಇಲ್ಲಿನ ರಸ ಯಾವುದು? ಕರುಣವೆಂದು ತಟ್ಟನೆ ಹೇಳಬಹುದು. ಆದರೆ ನಮ್ಮ ಆದಿಕವಿಯ ಪ್ರಸಂಗವನ್ನೇ ಮತ್ತೊಮ್ಮೆ ನೆನೆಯಬೇಕು. ಬೇಡನ ಬಾಣಕ್ಕೆ ಬಿದ್ದ ಕ್ರೌಂಚವನ್ನು ಕಂಡು ಮುನಿಗಾದ ಶೋಕವೇ ಶ್ಲೋಕದ ರೂಪವನ್ನು ತಳೆಯಿತೆಂದು ಆನಂದವರ್ಧನನು ಎತ್ತಿ ಹೇಳಿದ್ದಾನೆ. ಪಾಠ ಹೇಳುವ ನಾವು ಶೋಕ ಎಂಬಲ್ಲಿಗೆ ನಿಂತುಬಿಡುತ್ತೇವೆ. ಆ ಶ್ಲೋಕದ ಆಕಾರವನ್ನು ವಿಚಾರಿಸುವುದಿಲ್ಲ. ಅದು ವಿಲಾಪವಲ್ಲ. ನಿಷಾದನನ್ನು ಎದುರಿಗೆ ನಿಲ್ಲಿಸಿ, ಸಂಬೋಧಿಸಿ, ನುಡಿದ ಶಾಪ. ಪಕ್ವವಾದ ಶೋಕವು ಅಳುತ್ತ ಕುಳಿತುಕೊಳ್ಳುವುದಿಲ್ಲ. ಅದು ಯಾರನ್ನಾದರೂ ಕುರಿತು ಮಾತನಾಡುತ್ತದೆ. ಹಾರ್ಬರ್ಗನ ಪದದಲ್ಲಿಯೂ ಶೋಕವು ಹೀಗೆಯೇ ಮುಖ ತಿರುಗಿಸಿ ನಿಂತಿದೆ. ಭೇದವೊಂದುಂಟು: ಇಲ್ಲಿ ಬೇಡನ ಹೆಸರಿಲ್ಲ. ಕನಸಿನ ಮಾತನ್ನು ಹೇಳಿದ 'ಅವರು' ಯಾರೆಂದು ಕವಿ ಬಿಡಿಸಲಿಲ್ಲ. ಆದ್ದರಿಂದ ಶಾಪಕ್ಕೆ ಎಡೆಯಿಲ್ಲದೆ ಪ್ರಶ್ನೆ ಮಾತ್ರ ಉಳಿದು, ಅದು ಕೇಳಿದವರೆಲ್ಲರ ಕಡೆಗೂ ನೋಡುತ್ತದೆ. 1970ರಲ್ಲಿ ಪ್ರಕಟವಾದ 'ಹಾರ್ಡ್ ಟೈಮ್ಸ್' ಎಂಬ ಸಂಗ್ರಹಕ್ಕಾಗಿ ಸ್ಟಡ್ಸ್ ಟರ್ಕೆಲ್‌ನೊಡನೆ ಮಾತನಾಡುವಾಗ ಹಾರ್ಬರ್ಗನು ಹೇಳಿದ್ದರ ಸಾರವೂ ಇದೇ: ಆ ಮನುಷ್ಯನನ್ನು ಭಿಕ್ಷುಕನ ಮಟ್ಟಕ್ಕೆ ಇಳಿಸದೆ, ಪ್ರಶ್ನೆ ಕೇಳುವ ಘನತೆಯುಳ್ಳವನನ್ನಾಗಿ ನಿಲ್ಲಿಸುವುದು ತನ್ನ ಉದ್ದೇಶವಾಗಿತ್ತು.

ಇದನ್ನು ಕಾವ್ಯವೆನ್ನದೆ ರಾಜಕೀಯ ಪ್ರಚಾರವೆಂದವರೂ ಇದ್ದರು. ರಂಗದ ಮೇಲೆ ರೆಕ್ಸ್ ವೆಬರ್ ಎಂಬವನು ಹಾಡಿದ ಪದವನ್ನು ಅದೇ ಅಕ್ಟೋಬರ್ ತಿಂಗಳಲ್ಲಿ ಬಿಂಗ್ ಕ್ರಾಸ್ಬಿ ಮತ್ತು ರೂಡಿ ವ್ಯಾಲಿ ಎಂಬ ಇಬ್ಬರು ಪ್ರಖ್ಯಾತ ಗಾಯಕರು ಬೇರೆ ಬೇರೆ ಗ್ರಾಮಫೋನ್ ಪ್ಲೇಟುಗಳಿಗೆ ಹಾಡಿದರು. ಎರಡಕ್ಕೂ ಅಪಾರವಾದ ಬೇಡಿಕೆ ಬಂತು. ನವೆಂಬರ್ 8ರ ಚುನಾವಣೆ ಸಮೀಪಿಸಿದ್ದಿತು. ಪದವನ್ನು ರೇಡಿಯೋದಿಂದ ದೂರವಿಡುವ ಯತ್ನಗಳು ನಡೆದುವೆಂದೂ, ಅಷ್ಟರಲ್ಲಿ ಅದು ಮನೆಮನೆಗೆ ತಲಪಿಬಿಟ್ಟಿತ್ತೆಂದೂ ಹಾರ್ಬರ್ಗನೇ ಹೇಳಿದ್ದಾನೆ. ಚುನಾವಣೆಯಲ್ಲಿ ರೂಸ್‌ವೆಲ್ಟನು ಗೆದ್ದನು. ಗೆಲುವು ಪದದಿಂದಾಯಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಪ್ರಚಾರವೆಂಬ ಆಕ್ಷೇಪಕ್ಕೆ ಪದವೇ ಉತ್ತರ: ಅದರಲ್ಲಿ ಪಕ್ಷದ ಹೆಸರಿಲ್ಲ, ಪರಿಹಾರದ ಸೂಚನೆಯಿಲ್ಲ, ಇಂತಹವನನ್ನು ಆರಿಸಿರೆಂಬ ಉಪದೇಶವಿಲ್ಲ. ಕವಿಗೆ ತನ್ನ ರಾಜಕೀಯ ಅಭಿಪ್ರಾಯಗಳಿದ್ದುವೆಂಬುದು ನಿಜ. ಅವುಗಳಿಗಾಗಿ 1950ರಿಂದ ಸುಮಾರು ಹನ್ನೆರಡು ವರ್ಷ ಹಾಲಿವುಡ್ಡಿನ ಬಾಗಿಲು ಅವನಿಗೆ ಮುಚ್ಚಿತ್ತು. 1939ರ ಚಿತ್ರವೊಂದಕ್ಕೆ 'ಓವರ್ ದಿ ರೇನ್‌ಬೋ' ಎಂಬ ಜಗತ್ಪ್ರಸಿದ್ಧ ಗೀತವನ್ನು ಬರೆದವನಿಗೆ ಆದ ಗತಿ ಇದು. ಆದರೆ ಈ ಪದದಲ್ಲಿ ಅವನು ಅಭಿಪ್ರಾಯವನ್ನು ಹಿಂದಿಟ್ಟು ಮನುಷ್ಯನನ್ನು ಮುಂದಿಟ್ಟನು. ಔಚಿತ್ಯವೆಂದರೆ ಇದೇ.

ಮೆಚ್ಚಿದ ಮೇಲೆ ಒಂದು ಆಕ್ಷೇಪವನ್ನೂ ಹೇಳಬೇಕು; ಅದು ಪದದ ಮೇಲಲ್ಲ, ಹಾಡುವ ಬಗೆಯ ಮೇಲೆ. ಜೂಡಿ ಕಾಲಿನ್ಸ್ 1975ರಲ್ಲಿ ಹಾಡಿದಳು, ಜಾರ್ಜ್ ಮೈಕೇಲ್ 1999ರಲ್ಲಿ ಹಾಡಿದನು. ನಡುವೆಯೂ ಆಮೇಲೂ ಅನೇಕರು ಹಾಡಿದ್ದಾರೆ. ಕಾಲ ದೂರವಾದಷ್ಟೂ ಇದನ್ನು ಹಳೆಯ ಕಷ್ಟಕಾಲದ ಗುರುತೆಂದು ಕಂಡು, ಮಾಧುರ್ಯವನ್ನು ಹೆಚ್ಚಿಸಿ, ಕೇಳುಗರ ಕಣ್ಣನ್ನು ಒದ್ದೆ ಮಾಡುವ ಕಡೆಗೆ ಗಾಯಕರ ಮನಸ್ಸು ಒಲಿಯುತ್ತದೆ. ಕಣ್ಣು ಒದ್ದೆಯಾದರೆ ಕೇಳುಗನು ತನ್ನ ಪಾಲನ್ನು ಸಲ್ಲಿಸಿದೆನೆಂದು ಭಾವಿಸಿ ಎದ್ದು ಹೋಗುತ್ತಾನೆ. ಕ್ರಾಸ್ಬಿಯ ಹಳೆಯ ಪ್ಲೇಟಿನಲ್ಲಿ ಹಾಗಿಲ್ಲ. ಮಂದ್ರದಲ್ಲಿ, ಲೆಕ್ಕ ಒಪ್ಪಿಸುವವನಂತೆ ಆರಂಭಿಸಿ, ಹೆಸರು ಹೇಳುವ ಸ್ಥಳಕ್ಕೆ ಬಂದಾಗ ಮಾತ್ರ ಅವನು ಧ್ವನಿಯನ್ನು ಎತ್ತುತ್ತಾನೆ. ಅಳುವಿಗಿಂತ ಆ ಸಂಯಮ ಹೆಚ್ಚು ಚುಚ್ಚುತ್ತದೆ.

ಕಡೆಗೆ ಸ್ವಂತದ ಮಾತೊಂದನ್ನು ವಾಚಕರು ಮನ್ನಿಸಬೇಕು. ಯಾಚಕನು ಹತ್ತಿಗಿಂತಲೂ ಹಗುರವೆಂದು ಹಾಸ್ಯ ಮಾಡುವ ಸುಭಾಷಿತವೊಂದು ಪ್ರಸಿದ್ಧವಾಗಿದೆ. ವರ್ಷವರ್ಷವೂ ಅದನ್ನು ರಸವತ್ತಾಗಿ ಪಾಠ ಹೇಳಿ ತರಗತಿಯನ್ನು ನಗಿಸಿದ ಹೆಮ್ಮೆ ಈ ಲೇಖಕನಿಗಿತ್ತು. ಊರಿನ ಗಿರಣಿ ಮುಚ್ಚಿದ ವರ್ಷ, ಎಲ್ಲರೂ ನಕ್ಕಾಗ, ಮುಂದಿನ ಬೆಂಚಿನ ಹುಡುಗನೊಬ್ಬನು ನಗಲಿಲ್ಲ. ಪುಸ್ತಕದ ಮೇಲೆ ತಲೆ ಬಾಗಿಸಿದನು. ಅವನ ತಂದೆ ಇಪ್ಪತ್ತು ವರ್ಷ ಆ ಗಿರಣಿಯಲ್ಲಿ ನೂಲು ತೆಗೆದವನು. ಆ ವಾರ ಪರಿಚಿತರ ಬಾಗಿಲುಗಳಿಗೆ ಹೋಗಿ ಸಾಲ ಕೇಳಿ ಬರಿಗೈಯಲ್ಲಿ ಮರಳಿದ್ದನೆಂದು ಬಳಿಕ ತಿಳಿಯಿತು. ನಮ್ಮ ಬಾಗಿಲೂ ಅವುಗಳಲ್ಲಿ ಒಂದಾಗಿತ್ತು. ಹತ್ತಿಯನ್ನು ಜೀವಮಾನವೆಲ್ಲ ನೂಲಾಗಿಸಿದವನ ಮಗನ ಮುಂದೆ ಹತ್ತಿಯ ಹಗುರವನ್ನು ಕುರಿತು ಹಾಸ್ಯವಾಡಿದ್ದೆನೆಂಬುದು ಆಗ ಹೊಳೆಯಲಿಲ್ಲ. ಈ ಪದವನ್ನು ಕೇಳಿದ ದಿನ ಹೊಳೆಯಿತು. ಸುಭಾಷಿತ ಸುಳ್ಳೆಂದು ಹೇಳುತ್ತಿಲ್ಲ. ಅದು ಕೊಡುವವನ ಜಗಲಿಯ ಮೇಲೆ ಕುಳಿತು ಬರೆದದ್ದು; ಈ ಪದ ಜಗಲಿಯ ಕೆಳಗೆ ನಿಂತವನ ಬಾಯಿಂದ ಬಂದದ್ದು. ಎರಡನ್ನೂ ಕಲಿಸದ ಪಾಠ ಅಪೂರ್ಣವೆಂಬುದು, ವೃತ್ತಿಯಿಂದ ನಿವೃತ್ತನಾದ ಮೇಲೆ, ಒಬ್ಬ ಮೇಷ್ಟರಿಗೆ ತಿಳಿದ ಸಂಗತಿ.