ಹುಡುಕುವ ಮಗ, ಕಾಣದ ಸೊಸೆ

ಕಾಣೆಯಾದವರ ಬಗ್ಗೆ ಪೊಲೀಸರು ಪತ್ರಿಕೆಗೆ ಕೊಡುವ ಪ್ರಕಟಣೆಯ ಒಣ ಸಾಲಿನಿಂದಲೇ ಹೆಸರು ಪಡೆದ ಚಿತ್ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. 2016ರ ಜೂನ್‌ನಲ್ಲಿ ತೆರೆಕಂಡ ಇದು ಹೇಮಂತ್ ಎಂ. ರಾವ್ ನಿರ್ದೇಶನದ ಮೊದಲ ಚಿತ್ರ. ಆಲ್ಝೈಮರ್ ಕಾಯಿಲೆಯ ವೆಂಕೋಬರಾವ್ ಪಾತ್ರದಲ್ಲಿ ಅನಂತ್ ನಾಗ್, ಮಗ ಶಿವನಾಗಿ ರಕ್ಷಿತ್ ಶೆಟ್ಟಿ, ವೈದ್ಯೆ ಸಹನಾ ಆಗಿ ಶ್ರುತಿ ಹರಿಹರನ್. ‘ಅರವತ್ತಕ್ಕೆ ಅರಳುಮರಳು’ ಎಂದು ಕೈಬಿಟ್ಟಿದ್ದ ಸಂಗತಿಗೆ ಕನ್ನಡದಲ್ಲಿ ಒಂದು ಮುಖ ಸಿಕ್ಕಿದ್ದು ಈ ಚಿತ್ರದಿಂದ. ಆ ಮುಖವನ್ನು ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮನೆಗಳೊಳಗೆ ನಿಂತು ನೋಡಿದರೆ ಚಿತ್ರದ ದೊಡ್ಡತನವೂ ಕಾಣುತ್ತದೆ, ಅದು ಯಾರನ್ನು ಬಿಟ್ಟಿತು ಎಂಬುದೂ ಕಾಣುತ್ತದೆ.

ದೊಡ್ಡತನವೆಲ್ಲ ಅನಂತ್ ನಾಗ್ ಅವರ ಅಭಿನಯದಲ್ಲಿದೆ. ಮರೆವನ್ನು ಅವರು ತಲೆ ಕೆರೆದುಕೊಂಡು, ಕಣ್ಣು ಮಿಟುಕಿಸಿ ತೋರಿಸುವುದಿಲ್ಲ. ಎದುರಿಗಿರುವವರು ಯಾರೆಂದು ತಿಳಿಯದಿದ್ದರೂ ವೆಂಕೋಬರಾವ್ ಮರ್ಯಾದೆಯ ಮಾತು ಬಿಡುವುದಿಲ್ಲ. ಗಲಿಬಿಲಿಯನ್ನು ಒಂದು ನಗುವಿನಲ್ಲಿ ಮುಚ್ಚಿಕೊಳ್ಳುತ್ತಾರೆ. ಕಾಯಿಲೆಯ ನಿಜವಾದ ಚಹರೆ ಇದೇ. ಶುರುವಿನ ದಿನಗಳಲ್ಲಿ ಎಷ್ಟೋ ಹಿರಿಯರಿಗೆ ತಮ್ಮೊಳಗೆ ಏನೋ ಜಾರುತ್ತಿದೆ ಎಂಬುದು ಗೊತ್ತಿರುತ್ತದೆ. ‘ಊಟ ಆಯ್ತೇನಜ್ಜಾ’ ಎಂದು ಕೇಳಿದರೆ ‘ಆಯ್ತಪ್ಪ, ನಿಂದು?’ ಎಂದು ಮಾತು ತಿರುಗಿಸಿ ಪಾರಾಗುತ್ತಾರೆ. ಹಬ್ಬಕ್ಕೆ ಬಂದ ಹೆಣ್ಣುಮಕ್ಕಳಿಗೆ, ಬೆಂಗಳೂರಿಂದ ಬಂದ ಮಗನಿಗೆ ಏನೂ ಕಾಣುವುದಿಲ್ಲ. ದಿನವಿಡೀ ಜೊತೆಗಿರುವ ಸೊಸೆ ಹೇಳಿದರೆ ಯಾರೂ ನಂಬುವುದಿಲ್ಲ.

ತೀರಿಹೋದ ಹೆಂಡತಿ ಪುಷ್ಪಾಳ ನೆನಪು ವೆಂಕೋಬರಾಯರಲ್ಲಿ ಹಸಿಯಾಗಿ ಉಳಿದಿರುವುದೂ ಕವಿಕಲ್ಪನೆಯಲ್ಲ. ಆಲ್ಝೈಮರ್ ಸಾಮಾನ್ಯವಾಗಿ ಮೊದಲು ಘಾಸಿ ಮಾಡುವುದು ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು. ಹೊಸ ಸಂಗತಿಯನ್ನು ನೆನಪಾಗಿ ಕೂಡಿಡುವ ಕೆಲಸ ಅದರದು. ಆದ್ದರಿಂದಲೇ ಬೆಳಿಗ್ಗೆ ತಿಂದ ರೊಟ್ಟಿ ಮರೆತುಹೋಗುತ್ತದೆ, ಐವತ್ತು ವರ್ಷದ ಹಿಂದಿನ ಮದುವೆಯ ದಿಬ್ಬಣ ನೆನಪಿರುತ್ತದೆ. ಇದು ತಿಳಿಯದ ಮನೆಯವರು ‘ಬೇಕಾದ್ದು ಮಾತ್ರ ನೆನಪಿರುತ್ತೆ ನೋಡು’ ಎಂದು ಸಿಡುಕುತ್ತಾರೆ. ಆ ಸಿಡುಕನ್ನು ಕರಗಿಸುವ ಶಕ್ತಿ ಈ ಚಿತ್ರದ ಮೊದಲ ಭಾಗಕ್ಕಿದೆ.

ಮುಂದೆ ಕಥೆ ಬೇರೆ ದಾರಿ ಹಿಡಿಯುತ್ತದೆ. ದಾರಿ ತಪ್ಪಿದ ಮುದುಕ ರೌಡಿ ರಂಗನ (ವಸಿಷ್ಠ ಸಿಂಹ) ಕೈಗೆ ಸಿಕ್ಕು, ಕೊಲೆಯೊಂದರ ಸುಳಿಯಲ್ಲಿ ಸೇರಿಕೊಳ್ಳುತ್ತಾನೆ. ಇತ್ತ ಮಗ ಸಹನಾಳ ಜೊತೆ ಊರೆಲ್ಲ ಹುಡುಕುತ್ತ, ತಾನು ಎಂದೂ ಕಿವಿಗೊಡದ ತಂದೆಯ ಬದುಕನ್ನು ಅವಳ ಮಾತುಗಳಲ್ಲಿ ಕಂಡುಕೊಳ್ಳುತ್ತಾನೆ. ಪ್ರೇಕ್ಷಕನನ್ನು ಕುರ್ಚಿಯಲ್ಲಿ ಕೂರಿಸುವುದಕ್ಕೆ ಇದು ಚೆನ್ನಾದ ಹೆಣಿಗೆ. ಆದರೆ ಕಾಯಿಲೆ ಇಲ್ಲಿ ಮಗನ ಮನಸ್ಸು ತಿರುಗಿಸುವ ನೆಪವಾಗಿಬಿಡುತ್ತದೆ. ತಂದೆ ಕಳೆದುಹೋದದ್ದರಿಂದ ಮಗ ಸಿಕ್ಕ ಎಂಬ ಸಮಾಧಾನದಲ್ಲಿ, ಸಿಕ್ಕಿದ ತಂದೆಗೆ ನಾಳೆ ಸ್ನಾನ ಮಾಡಿಸುವವರು ಯಾರು ಎಂಬ ಪ್ರಶ್ನೆ ಏಳುವುದೇ ಇಲ್ಲ.

ಚಿತ್ರದಲ್ಲಿ ಅದಕ್ಕೊಂದು ಉತ್ತರ ಮೊದಲೇ ಇದೆ: ನಗರದ ಆರೈಕೆ ಕೇಂದ್ರ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಗಳಿವೆ. ಜಗಳೂರಿನ ಶೇಂಗಾ ಹೊಲದ ಮನೆಗೆ, ಚನ್ನಗಿರಿಯ ಅಡಿಕೆ ತೋಟದ ಮನೆಗೆ ಆ ಊರು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಇಲ್ಲಿ ಆರೈಕೆ ಕೇಂದ್ರವೆಂದರೆ ಮನೆಯ ಪಡಸಾಲೆ.

ಈ ಪಡಸಾಲೆಯಲ್ಲಿ ಕೂತಿರುವವರು ಬಹುಪಾಲು ವೆಂಕೋಬರಾವ್ ಥರದವರೂ ಅಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನ ‘ಲಾಸಿ-ಡ್ಯಾಡ್’ ಪ್ರಕಾರ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ (ಆಲ್ಝೈಮರ್ ಸೇರಿದಂತೆ ಮರೆವಿನ ಕಾಯಿಲೆಗಳ ಗುಂಪು) ಇದೆ. ಪಟ್ಟಣಗಳಲ್ಲಿ ಶೇ 5.3 ಆದರೆ ಹಳ್ಳಿಗಳಲ್ಲಿ ಶೇ 8.4, ಗಂಡಸರಲ್ಲಿ ಶೇ 5.8 ಆದರೆ ಹೆಂಗಸರಲ್ಲಿ ಶೇ 9. ಹಾಗಾದರೆ ಈ ಕಾಯಿಲೆಯ ಮುಖ ಓದಿದ ನಗರದ ಗಂಡಸಿನದಾಗುವ ಬದಲು, ಶಾಲೆಯ ಮೆಟ್ಟಿಲು ಹತ್ತದೆ ಹೊಲ, ಒಲೆ, ಹೆರಿಗೆಗಳಲ್ಲೇ ಸವೆದ ಹಳ್ಳಿಯ ಅಜ್ಜಿಯದಾಗಬೇಕು. ಓದು ದಕ್ಕದಿರುವುದೂ ಡಿಮೆನ್ಶಿಯಾದ ಅಪಾಯ ಹೆಚ್ಚಿಸುವ ಸಂಗತಿಗಳಲ್ಲಿ ಒಂದು ಎಂದು ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನ 2024ರ ಆಯೋಗ ಪಟ್ಟಿ ಮಾಡಿದೆ. ಬಿಪಿ, ಸಕ್ಕರೆ ಕಾಯಿಲೆ, ಕಿವಿ ಮಂದವಾಗುವುದು, ಕಣ್ಣಿಗೆ ಪೊರೆ ಬಂದು ದೃಷ್ಟಿ ಮಸುಕಾದರೂ ಹಾಗೇ ಬಿಡುವುದು, ಒಂಟಿಯಾಗಿ ಕೂರುವುದು ಕೂಡ. ಇಂಥ ಹದಿನಾಲ್ಕು ಸಂಗತಿಗಳನ್ನು ಸರಿಪಡಿಸಿದರೆ ಪ್ರಪಂಚದ ಡಿಮೆನ್ಶಿಯಾದಲ್ಲಿ ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಆಯೋಗದ ಅಂದಾಜು. ಕಣ್ಣಿನ ಪೊರೆ ತೆಗೆಸುವುದು, ಬಿಪಿ ಮಾತ್ರೆ ತಪ್ಪಿಸದಿರುವುದು ಹಳ್ಳಿಯಲ್ಲೂ ಆಗುವ ಕೆಲಸ.

ಈ ಅಜ್ಜಿಯನ್ನು ನೋಡಿಕೊಳ್ಳುವ ಹೆಂಗಸು ಚಿತ್ರದಲ್ಲಿ ಎಲ್ಲೂ ಇಲ್ಲ. ಬಂಗಾರದ ಓಲೆಯನ್ನು ತಾನೇ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು ‘ಸೊಸೆ ಕದ್ದಳು’ ಎಂದು ಓಣಿಗೆಲ್ಲ ಕೇಳುವಂತೆ ಕೂಗುವ ಅತ್ತೆ, ಮುಸ್ಸಂಜೆಯಾಗುತ್ತಲೇ ‘ನಮ್ಮನೆಗೆ ಹೋಗ್ತೀನಿ’ ಎಂದು ತನ್ನ ಮನೆಯಲ್ಲೇ ನಿಂತು ಗಂಟು ಕಟ್ಟುವ ಅತ್ತೆ, ನಡುರಾತ್ರಿ ಎದ್ದು ಒಲೆ ಹಚ್ಚಲು ಹೋಗುವ ಅತ್ತೆ: ಇವು ಡಿಮೆನ್ಶಿಯಾದ ಮನೆಗಳಲ್ಲಿ ನಡೆಯುವ ಸಂಗತಿಗಳು. ಕಳವಿನ ಅನುಮಾನ ಕಾಯಿಲೆಯದೇ ಲಕ್ಷಣ ಎಂದು ಒಂದು ಮಾತು ಮೊದಲೇ ತಿಳಿದಿದ್ದರೆ ಎಷ್ಟೋ ಮನೆ ಒಡೆಯುವುದು ತಪ್ಪುತ್ತದೆ. ವಾದಕ್ಕೆ ಇಳಿಯದೆ ‘ಬಾ ಅತ್ತೆ, ಇಬ್ರೂ ಹುಡುಕೋಣ’ ಎನ್ನುವುದು, ‘ಮನೆಗೆ ಹೋಗೋಣ, ಮೊದ್ಲು ಒಂದ್ ಲೋಟ ಹಾಲು ಕುಡಿ’ ಎನ್ನುವುದು, ಸಂಜೆಗೆ ಮುಂಚೆಯೇ ದೀಪ ಹಾಕುವುದು ಔಷಧಿಯಷ್ಟೇ ಕೆಲಸ ಮಾಡುತ್ತವೆ. ಡೊನೆಪೆಜಿಲ್‌ನಂಥ ಮಾತ್ರೆಗಳು ಲಕ್ಷಣಗಳನ್ನು ಒಂದಿಷ್ಟು ಹಗುರ ಮಾಡುತ್ತವೆ, ಕಾಯಿಲೆಯನ್ನು ವಾಸಿ ಮಾಡುವುದಿಲ್ಲ.

ಸುಮಿತ್ರಾ ಭಾವೆ, ಸುನೀಲ್ ಸುಕಥನಕರ್ ನಿರ್ದೇಶಿಸಿದ ಮರಾಠಿ ಚಿತ್ರ ‘ಅಸ್ತು’ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಅಲ್ಲೂ ಮುದುಕ ಕಳೆದುಹೋಗುತ್ತಾನೆ. ಮೋಹನ್ ಆಗಾಶೆ ಮಾಡಿದ ಸಂಸ್ಕೃತ ಪಂಡಿತನ ಪಾತ್ರ ಅದು. ಆನೆಯೊಂದರ ಹಿಂದೆ ಹೊರಟ ಅವನಿಗೆ ಆನೆಯವನ ಬಡ ಹೆಂಡತಿ ಚನ್ನಮ್ಮ ಉಣಿಸಿ, ಮಗುವಿನಂತೆ ಸಂಭಾಳಿಸುತ್ತಾಳೆ. ಆ ಪಾತ್ರಕ್ಕೆ ಅಮೃತಾ ಸುಭಾಷ್ ರಾಷ್ಟ್ರಪ್ರಶಸ್ತಿ ಪಡೆದರು. ಆರೈಕೆ ಎಂಬ ಕೆಲಸ, ಅದನ್ನು ಮಾಡುವ ಹೆಣ್ಣು ಎರಡೂ ಅಲ್ಲಿ ಕಣ್ಣೆದುರಿಗಿವೆ.

ಹಾಗೆಂದು ಕನ್ನಡ ಚಿತ್ರ ಎತ್ತಿಕೊಂಡ ಭಯ ಸಣ್ಣದಲ್ಲ. ಮನೆಯಿಂದ ಹೊರಟುಹೋಗುವುದು ಈ ಕಾಯಿಲೆಯ ದೊಡ್ಡ ಅಪಾಯ. ಹೊನ್ನಾಳಿಗೆ ಅಂಟಿಕೊಂಡೇ ತುಂಗಭದ್ರೆ ಹರಿಯುತ್ತಾಳೆ. ಚನ್ನಗಿರಿ ಸೀಮೆಯಲ್ಲಿ ಭದ್ರಾ ನಾಲೆ, ಸೂಳೆಕೆರೆ. ಜಗಳೂರಿನ ಬಯಲಲ್ಲಿ ಬಿರುಬಿಸಿಲು. ಅಂಗಿಯ ಒಳಜೇಬಿಗೆ, ಸೀರೆಯ ಸೆರಗಿಗೆ ಫೋನ್ ನಂಬರ್ ಬರೆದ ಬಟ್ಟೆ ಹೊಲಿಯುವುದು, ಈಚಿನ ಫೋಟೊ ಒಂದನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳುವುದು, ಬಸ್ ಸ್ಟ್ಯಾಂಡಿನ ಅಂಗಡಿಯವರಿಗೆ, ಅಕ್ಕಪಕ್ಕದವರಿಗೆ ಸಂಕೋಚವಿಲ್ಲದೆ ವಿಷಯ ತಿಳಿಸಿಡುವುದು ಇಲ್ಲಿ ಆಗಬೇಕಾದ ಕೆಲಸ. ಹಳ್ಳಿಯಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು ಎಂಬುದು ಬೆಂಗಳೂರಿಗಿಲ್ಲದ ಬಲ. ಕಾಯಿಲೆಯನ್ನು ಮುಚ್ಚಿಟ್ಟರೆ ಆ ಬಲ ಕೈಗೆ ಬರುವುದಿಲ್ಲ.

ಚಿತ್ರದ ಇನ್ನೊಂದು ಕೊರತೆ, ಮರೆವೆಲ್ಲ ಆಲ್ಝೈಮರ್ ಎಂಬ ಭಾವನೆ ಮೂಡಿಸುವುದು. ಥೈರಾಯ್ಡ್ ಕಡಿಮೆಯಾದರೆ, ಬಿ12 ಕೊರತೆಯಾದರೆ, ಖಿನ್ನತೆ ಹಿಡಿದರೆ, ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿದರೆ ಕೂಡ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ. ನಿನ್ನೆಯವರೆಗೆ ಚೆನ್ನಾಗಿದ್ದವರು ಇದ್ದಕ್ಕಿದ್ದಂತೆ ಏನೇನೋ ಮಾತಾಡತೊಡಗಿದರೆ ಅದು ಮೂತ್ರದ ಸೋಂಕಿನಿಂದಲೂ ಇರಬಹುದು, ಆವತ್ತೇ ಆಸ್ಪತ್ರೆಗೆ ಕರೆದೊಯ್ಯಬೇಕು. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತ ಕಳೆದ ದಿನಗಳು ಮತ್ತೆ ಸಿಗುವುದಿಲ್ಲ.

ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಚಿಗಟೇರಿ ಜಿಲ್ಲಾಸ್ಪತ್ರೆ ಇದೆ. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲೇ ಶುರುಮಾಡಿದೆ. ಹಿರಿಯರ ಸಹಾಯವಾಣಿ 14567, ಮನಸ್ಸಿನ ಆರೋಗ್ಯಕ್ಕೆ ಟೆಲಿ-ಮಾನಸ್ 14416. ದಣಿದ ಸೊಸೆಯೂ ಈ ಎರಡನೆಯದಕ್ಕೆ ಕರೆ ಮಾಡಬಹುದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 45 ದಾಟಿದ ಹಳ್ಳಿಗರ ನೆನಪು, ಆರೋಗ್ಯಗಳನ್ನು ವರ್ಷಗಳಿಂದ ಗಮನಿಸುತ್ತಿದೆ. ಹಳ್ಳಿಯ ಕನ್ನಡಿಗರ ಮರೆವನ್ನು ವಿಜ್ಞಾನ ಗಂಭೀರವಾಗಿ ಎಣಿಸಿದೆ. ಸಿನಿಮಾ ಇನ್ನೂ ಎಣಿಸಿಲ್ಲ.

ಹೇಮಂತ್ ರಾವ್ ಅವರ ಚಿತ್ರವನ್ನು ಗ್ರಾಮ ಪಂಚಾಯಿತಿ ಸಭಾಂಗಣಗಳಲ್ಲಿ, ಸ್ತ್ರೀಶಕ್ತಿ ಸಂಘಗಳ ಸಭೆಗಳಲ್ಲಿ ತೋರಿಸಬೇಕು. ಅದರ ಮೊದಲ ಒಂದು ಗಂಟೆಯಷ್ಟು ಚೆನ್ನಾಗಿ ಈ ಕಾಯಿಲೆಯವರ ಮೇಲೆ ಅಂತಃಕರಣ ಹುಟ್ಟಿಸುವ ಕೃತಿ ಕನ್ನಡ ಸಿನಿಮಾದಲ್ಲಿ ಮತ್ತೊಂದಿಲ್ಲ. ಚಿತ್ರ ಮುಗಿದ ಮೇಲೆ ಆಶಾ ಕಾರ್ಯಕರ್ತೆಯೊಬ್ಬರು ಎದ್ದು ನಿಂತು ಸ್ನಾನ, ಊಟ, ನಿದ್ದೆ, ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಕೈಗೆ ಶೇಂಗಾ ಬಿಡಿಸುವಂಥ ರೂಢಿಯ ಕೆಲಸ ಕೊಟ್ಟು ಕೂರಿಸುವುದು ಇವನ್ನು ಹೇಳಿಕೊಡಬೇಕು. ಸೊಸೆಗೆ ವಾರದಲ್ಲಿ ಒಂದು ದಿನ ಬಿಡುವು ಕೊಡಲು ಗಂಡ, ಮೈದುನ, ನಾದಿನಿಯರಲ್ಲಿ ಯಾರು ಬರುತ್ತಾರೆ ಎಂದು ಅದೇ ಸಭೆಯಲ್ಲಿ ಕೇಳಬೇಕು.