ಭೀಷ್ಮನ ಬಿಳಿಗಡ್ಡ, ವಿದುರನ ಮುರಿದ ಬಿಲ್ಲು

ನಮ್ಮೂರಲ್ಲಿ ‘ಕುರುಕ್ಷೇತ್ರ’ ನಾಟಕ ಆಡಿದಾಗಲೆಲ್ಲ ಭೀಷ್ಮನ ಪಾರ್ಟು ಗೌಡರ ಮನೆಗೇ ಮೀಸಲು. ಬಿಳಿಗಡ್ಡ ಇಳಿಬಿಟ್ಟುಕೊಂಡು ಅವರು ಸ್ಟೇಜಿಗೆ ಬಂದರೆ ಶಿಳ್ಳೆ, ಹಾರ. ವಿದುರನ ಪಾರ್ಟು ಮಾತ್ರ ಯಾರಿಗೂ ಬೇಡ. ಹಾಡು ಕಮ್ಮಿ, ಕಿರೀಟ ಇಲ್ಲ. ಕೇರಿಯವರಾದ ನಾವು ಎಲ್ಲರ ಹಿಂದೆ ಕೂತು ನೋಡುತ್ತಿದ್ದೆವು. ನಾನೂ ಭೀಷ್ಮನಿಗೇ ಚಪ್ಪಾಳೆ ತಟ್ಟಿದವನು. ಕಾಲೇಜಿಗೆ ಹೋಗಿ ಭಾರತ ಓದಿದ ಮೇಲೆ ಆ ಚಪ್ಪಾಳೆಗೆ ನಾಚಿಕೆಯಾಯಿತು.

ಅಧಿಕಾರದಲ್ಲಿರುವವರಿಗೆ ಬುದ್ಧಿ ಹೇಳುವ ಹಿರಿಯರು ಅಂದರೆ ನಮ್ಮಲ್ಲಿ ಭೀಷ್ಮನೇ ಮಾದರಿ. ಯಾವ ಕ್ಷೇತ್ರದ ಮುದುಕರಿಗೆ ಸನ್ಮಾನ ಮಾಡಿದರೂ ‘ಭೀಷ್ಮ’ ಅಂತಲೇ ಬಿರುದು. ಈ ಬಿರುದನ್ನು ಸ್ವಲ್ಪ ಒರೆಗೆ ಹಚ್ಚಿ ನೋಡೋಣ.

ವ್ಯಾಸಭಾರತದ ಸಭಾಪರ್ವ. ದ್ರೌಪದಿಯನ್ನು ಮುಡಿ ಹಿಡಿದು ಎಳೆದು ತಂದಿದ್ದಾರೆ. ತನ್ನನ್ನೇ ಸೋತ ಗಂಡನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿತ್ತು ಅಂತ ಅವಳು ಕೇಳುತ್ತಾಳೆ. ಧರ್ಮ ಬಹಳ ಸೂಕ್ಷ್ಮ, ನಿನ್ನ ಪ್ರಶ್ನೆಗೆ ತೀರ್ಮಾನ ಹೇಳಲಾರೆ ಅನ್ನುತ್ತಾನೆ ಭೀಷ್ಮ. ಆ ಸಭೆಯಲ್ಲಿ ನ್ಯಾಯದ ಪರ ಬಾಯಿಬಿಟ್ಟವರು ಇಬ್ಬರು: ದುರ್ಯೋಧನನ ತಮ್ಮ ವಿಕರ್ಣ, ದಾಸಿಯ ಹೊಟ್ಟೆಯಲ್ಲಿ ಹುಟ್ಟಿದ ವಿದುರ. ನೀನಿನ್ನೂ ಹುಡುಗ ಅಂತ ವಿಕರ್ಣನ ಬಾಯಿ ಮುಚ್ಚಿಸಿದವನು ಯಾರು? ಕರ್ಣ. ನಮ್ಮವನು ಅಂತ ನಾವು ಎದೆಗೆ ಅಪ್ಪಿಕೊಂಡ ಕರ್ಣ. ದ್ರೌಪದಿಯ ಬಟ್ಟೆ ಸೆಳೆಯಲು ಹೇಳಿದವನೂ ಅವನೇ. ಅವಮಾನ ಉಂಡವರೆಲ್ಲ ಅವಮಾನದ ವಿರುದ್ಧ ನಿಲ್ಲುತ್ತಾರೆ ಅನ್ನುವುದು ಸುಳ್ಳು. ಇದನ್ನು ನಾವೂ ನೆನಪಿಡಬೇಕು.

ಭೀಷ್ಮನ ಕಷ್ಟ ಏನು? ಅವನೇ ಹೇಳಿಕೊಂಡಿದ್ದಾನೆ. ಯುದ್ಧದ ಮುಂಚೆ ಆಶೀರ್ವಾದ ಕೇಳಲು ಬಂದ ಧರ್ಮರಾಯನಿಗೆ, ನಾನು ಹಣದ ಆಳು, ಕೌರವರು ಅದರಿಂದಲೇ ನನ್ನನ್ನು ಕಟ್ಟಿಹಾಕಿದ್ದಾರೆ ಅನ್ನುತ್ತಾನೆ. ಅಂದು ಸಭೆಯಲ್ಲಿ ಸೂಕ್ಷ್ಮವಾಗಿದ್ದದ್ದು ಏನು ಅಂತ ಇಲ್ಲಿ ಗೊತ್ತಾಗುತ್ತದೆ.

ಅವನ ಉಪದೇಶ ಶುರುವಾಗುವುದು ಬಾಣದ ಹಾಸಿಗೆ ಹಿಡಿದ ಮೇಲೆ. ಶಾಂತಿಪರ್ವ, ಅನುಶಾಸನಪರ್ವದ ಬಹುಪಾಲು ಅವನ ಮಾತೇ. ಹೊಸ ದೊರೆಗೆ ಹೇಳಿಕೊಡುವ ರಾಜಧರ್ಮದಲ್ಲಿ ಶೂದ್ರರ ಪಾಲಿಗೆ ಏನಿದೆ? ಶೂದ್ರ ಉಳಿದ ಮೂರು ವರ್ಣದ ಸೇವೆ ಮಾಡಬೇಕು, ಆಸ್ತಿ ಕೂಡಿಡಬಾರದು. ಅವನಿಗೆ ಬಳಸಿ ಹಳೆಯದಾದ ಕೊಡೆ, ಮೆಟ್ಟು ಕೊಡಬೇಕು. ವರ್ಣದ ಆಚೆಗೇ ತಳ್ಳಿದ ನಮ್ಮಂಥವರಿಗೆ ಅದೂ ಹೆಚ್ಚು. ನಮ್ಮಜ್ಜ ಮೆಟ್ಟು ಹೊಲೀತಿದ್ದ. ಊರಿಗೆಲ್ಲ ಹೊಸ ಜೋಡು ಕೊಟ್ಟು ತಾನು ಬರಿಗಾಲಲ್ಲಿ ಓಡಾಡಿದ. ಧಣಿ ಸವೆದ ಜೋಡು ಕೊಟ್ಟ ದಿನ ಅವನಿಗೆ ಹಬ್ಬ. “ದೊಡ್ಡ ಮನಸು ಕಣಪ್ಪ ಅವರ್ದು” ಅಂತಿದ್ದ. ಅದು ಭೀಷ್ಮ ಬರೆಸಿಟ್ಟ ಕಾನೂನು ಅಂತ ನನಗೆ ಗೊತ್ತಾಗಿದ್ದು ಕಾಲೇಜಿನ ಲೈಬ್ರರಿಯಲ್ಲಿ. ಅವನಿಗೆ ಹೇಳೋಣ ಅಂದ್ರೆ ಅಜ್ಜ ಇರಲಿಲ್ಲ.

ಇನ್ನು ವಿದುರ. ಉದ್ಯೋಗಪರ್ವದಲ್ಲಿ ನಿದ್ದೆ ಬಾರದ ಧೃತರಾಷ್ಟ್ರ ಅವನನ್ನು ಕರೆಸಿಕೊಂಡು ರಾತ್ರಿಯಿಡೀ ನೀತಿ ಕೇಳುತ್ತಾನೆ. ಒಂದನ್ನೂ ನಡೆಸುವುದಿಲ್ಲ. ಮಾತು ಬ್ರಹ್ಮವಿದ್ಯೆಗೆ ಬಂದಾಗ, ಶೂದ್ರಳ ಹೊಟ್ಟೆಯಲ್ಲಿ ಹುಟ್ಟಿದವನು, ಮುಂದಕ್ಕೆ ಹೇಳಲಾರೆ ಅಂತ ವಿದುರ ತಾನಾಗಿಯೇ ನಿಲ್ಲಿಸಿ ಸನತ್ಸುಜಾತನನ್ನು ಕರೆಸುತ್ತಾನೆ. ಇವತ್ತಿನ ಕಮಿಟಿಗಳನ್ನು ನೋಡಿ. ‘ನಿಮ್ಮವರೂ ಒಬ್ಬರಿರಲಿ’ ಅಂತ ಕುರ್ಚಿ ಹಾಕುತ್ತಾರೆ. ಮಾತು ಬರೆದುಕೊಳ್ಳುತ್ತಾರೆ. ತೀರ್ಮಾನ ಮೊದಲೇ ಬೇರೆ ಕಡೆ ಆಗಿರುತ್ತದೆ.

ಗದುಗಿನ ಕುಮಾರವ್ಯಾಸ ಈ ವಿದುರನಿಗೆ ಬೆನ್ನುಮೂಳೆ ಕೊಟ್ಟ. ಕೃಷ್ಣನನ್ನು ಮನೆಗೆ ಕರೆದು ಉಪಚರಿಸಿದ್ದಕ್ಕೆ ಕೌರವ ಹುಟ್ಟು ಎತ್ತಿ ಬೈದಾಗ ವಿದುರ ತನ್ನ ಬಿಲ್ಲನ್ನೇ ಮುರಿದು ಹಾಕುತ್ತಾನೆ. ಕಥೆ ಹೇಳುವವರು ಇದನ್ನು ಕೃಷ್ಣನ ತಂತ್ರ ಅಂತ ಹೇಳಿ ಮುಗಿಸುತ್ತಾರೆ. ನನಗೆ ಅದು ವಿದುರನ ರಾಜೀನಾಮೆ. ಆದರೆ ಒಂದು ಮಾತು ಹೇಳಲೇಬೇಕು. ದ್ರೌಪದಿ ಅತ್ತ ದಿನ ಅವನ ಬಿಲ್ಲು ಮುರಿಯಲಿಲ್ಲ. ಮುರಿದದ್ದು ತನಗೆ ಬೈಗುಳ ಬಿದ್ದ ದಿನ.

1951ರಲ್ಲಿ ಬಾಬಾಸಾಹೇಬರು ಕಾನೂನು ಮಂತ್ರಿಗಿರಿ ಬಿಟ್ಟು ಹೊರಬಂದರು. ಅವರು ಕೊಟ್ಟ ಕಾರಣಗಳಲ್ಲಿ ದೊಡ್ಡದು ಹಿಂದೂ ಕೋಡ್ ಬಿಲ್ಲನ್ನು ಮೂಲೆಗೆ ತಳ್ಳಿದ್ದು. ಆ ಬಿಲ್ಲಿನಲ್ಲಿದ್ದದ್ದು ಹೆಣ್ಣುಮಕ್ಕಳ ಆಸ್ತಿ, ಮದುವೆ, ವಿಚ್ಛೇದನದ ಹಕ್ಕು. ಭೀಷ್ಮ ಉತ್ತರಿಸದೆ ಬಿಟ್ಟ ಪ್ರಶ್ನೆಗೆ ಉತ್ತರ ಅಲ್ಲಿದೆ.

ಗೆಳೆಯರೇ, ಹಿರಿಯರು ಬೇಡ ಅಂತ ನಾನು ಹೇಳುತ್ತಿಲ್ಲ. ಅವರು ಯಾರ ಅನ್ನ ಉಣ್ಣುವಾಗ ಏನು ಮಾತಾಡಿದರು ಅಂತ ಕೇಳಿ, ಆಮೇಲೆ ಹಾರ ಹಾಕೋಣ. ಊರ ಶಾಲೆಯ ಮೇಷ್ಟ್ರುಗಳೇ, ಪಾಠ ಮಾಡುವಾಗ ಅಂದು ಸಭೆಯಲ್ಲಿ ಯಾರ್ಯಾರು ಸುಮ್ಮನಿದ್ದರು ಅಂತ ಮಕ್ಕಳ ಕೈಲಿ ಪಟ್ಟಿ ಬರೆಸಿ. ಚಳವಳಿ ಕಟ್ಟಿದ ನಮ್ಮ ಹಿರಿಯರಲ್ಲೂ ಕೆಲವರು ಈಗ ‘ಸೂಕ್ಷ್ಮ’ ಅನ್ನತೊಡಗಿದ್ದಾರೆ. ನಾಳೆ ನಮ್ಮ ಗಡ್ಡವೂ ಬೆಳ್ಳಗಾಗುತ್ತದೆ, ನಮಗೂ ಕುರ್ಚಿ ಹಾಕುತ್ತಾರೆ.

ಮುಂದಿನ ಸಲ ಊರಲ್ಲಿ ನಾಟಕ ಆಡಿದರೆ ನಾನು ವಿದುರನ ಪಾರ್ಟು ಕೇಳುತ್ತೇನೆ. ಕೊಡ್ತಾರಾ ನೋಡಬೇಕು.